ಅಡಿಕೆ ಟೆಂಡರಿನಿಂದ ಆನ್‌ಲೈನ್ ಹರಾಜಿಗೆ: ತಂತ್ರಾಂಶ ಕಟ್ಟುವವರಿಗೊಂದು ಮಾರ್ಗದರ್ಶಿ

ಶಿರಸಿಯ ಮಾರುಕಟ್ಟೆ ಅಂಗಳದಲ್ಲಿ ಅಡಿಕೆ ಟೆಂಡರ್ ನಡೆಯುವುದನ್ನು ಒಮ್ಮೆಯಾದರೂ ನಿಂತು ನೋಡದವರು ಹರಾಜಿನ ತಂತ್ರಾಂಶ ಬರೆಯಲು ಕೂರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. ಚಾಲಿ, ರಾಶಿ, ಬೆಟ್ಟೆ, ಕೆಂಪುಗೋಟು, ಬಿಳೆಗೋಟು ಎಂದು ಬಗೆಬಗೆಯಾಗಿ ಸುರಿದ ಅಡಿಕೆಯ ಮುಂದೆ ವ್ಯಾಪಾರಿ ನಿಲ್ಲುತ್ತಾನೆ, ಒಂದು ಹಿಡಿ ಎತ್ತಿ ಕೈಯಲ್ಲಿ ಆಡಿಸುತ್ತಾನೆ, ಅಡಕತ್ತರಿಯಲ್ಲಿ ಒಂದನ್ನು ಸೀಳಿ ಒಳಗಿನ ಬಣ್ಣ ನೋಡುತ್ತಾನೆ, ಆಮೇಲೆ ಪಕ್ಕದವರಿಗೆ ಕಾಣದಂತೆ ಕ್ವಿಂಟಾಲಿನ ದರವನ್ನು ಬರೆಯುತ್ತಾನೆ. ಹೊತ್ತು ಮೀರಿದ ನಂತರ ಎಲ್ಲರ ದರವನ್ನು ತೆರೆದು, ಹೆಚ್ಚು ಬರೆದವರ ಹೆಸರಿಗೆ ಆ ಲಾಟನ್ನು, ಎಂದರೆ ಒಟ್ಟಾಗಿ ಮಾರಾಟಕ್ಕಿಟ್ಟ ಆ ಮಾಲನ್ನು, ಗುರುತಿಸಲಾಗುತ್ತದೆ. ಘಟ್ಟ ಇಳಿದು ಕಾರವಾರದ ಬೈತಖೋಲದ ಬಂದರಿಗೋ ತದಡಿಗೋ ಹೋದರೆ ಇದಕ್ಕೆ ಪೂರ್ತಿ ಬೇರೆಯಾದ ನೋಟವಿದೆ. ಅಲ್ಲಿ ಬಂಗಡೆಯ ಬುಟ್ಟಿಯ ಸುತ್ತ ಗುಂಪು ಕಟ್ಟಿದವರ ನಡುವೆ ಬೆಲೆ ಬಾಯಿಂದ ಬಾಯಿಗೆ ಏರುತ್ತದೆ, ಕೂಗು ನಿಂತ ಕಡೆ ವ್ಯಾಪಾರ ಮುಗಿಯುತ್ತದೆ. ಒಂದೇ ಜಿಲ್ಲೆಯ ಈ ಎರಡು ಹರಾಜುಗಳನ್ನು ಒಂದೇ ತಂತ್ರಾಂಶದಲ್ಲಿ ಕೂರಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಕೈಯಲ್ಲಿ ಹಿಡಿದುಕೊಂಡೇ ಈ ಲೇಖನ ಸಾಗುತ್ತದೆ.

ಇಂಥ ವ್ಯವಸ್ಥೆಗಳು ನಮ್ಮ ರಾಜ್ಯಕ್ಕೆ ಹೊಸತೇನಲ್ಲ. 2014ರಲ್ಲಿ ರಾಷ್ಟ್ರೀಯ ಇ-ಮಾರ್ಕೆಟ್ ಸರ್ವಿಸಸ್ ಎಂಬ ಸಂಸ್ಥೆ ರೂಪುಗೊಂಡು ಕರ್ನಾಟಕದ ಕೃಷಿ ಮಾರುಕಟ್ಟೆಗಳನ್ನು ಏಕೀಕೃತ ವೇದಿಕೆಗೆ ತರಲು ತೊಡಗಿತು. ಕೇಂದ್ರ ಸರ್ಕಾರದ ಆನ್‌ಲೈನ್ ಕೃಷಿ ಮಾರುಕಟ್ಟೆ ವೇದಿಕೆಯಾದ ಇ-ನಾಮ್ 2016ರ ಏಪ್ರಿಲ್ 14ರಂದು ಆರಂಭವಾಯಿತು. ನಾನಿಲ್ಲಿ ಬರೆಯುತ್ತಿರುವುದು ಸಹಕಾರಿ ಸಂಘವೊಂದಕ್ಕೋ ಮೀನುಗಾರರ ಗುಂಪಿಗೋ ಸಣ್ಣ ಪ್ರಮಾಣದ ಹರಾಜು ವ್ಯವಸ್ಥೆಯನ್ನು ಕಟ್ಟಬೇಕಾಗಿ ಬಂದಿರುವ ಮೂವರು ನಾಲ್ವರ ತಂಡಕ್ಕಾಗಿ. ಪ್ರೋಗ್ರಾಮಿಂಗ್ ಗೊತ್ತಿದೆ, ಡೇಟಾಬೇಸ್ ಬಳಸಿ ಅಭ್ಯಾಸವಿದೆ, ಆದರೆ ಹರಾಜು ಹೊಸತು ಎಂಬವರನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದೇನೆ. ಡಿಸೈನ್ ಪ್ಯಾಟರ್ನ್ (ತಂತ್ರಾಂಶದಲ್ಲಿ ಮತ್ತೆ ಮತ್ತೆ ಎದುರಾಗುವ ಸಮಸ್ಯೆಗೆ ಪರಿಹಾರದ ಮಾದರಿ) ಎಂಬ ಮಾತು 1994ರಲ್ಲಿ ನಾಲ್ವರು ಲೇಖಕರು 23 ಮಾದರಿಗಳನ್ನು ಹೆಸರಿಟ್ಟು ವಿವರಿಸಿದಂದಿನಿಂದ ನಮ್ಮ ವೃತ್ತಿಯಲ್ಲಿ ಮನೆಮಾತಾಗಿದೆ. ಅವುಗಳಲ್ಲಿ ಹರಾಜಿಗೆ ನಿಜವಾಗಿ ಬೇಕಾಗುವವು ಐದಾರು ಮಾತ್ರ, ಉಳಿದ ಅಗತ್ಯಗಳನ್ನು ಡೇಟಾಬೇಸಿನ ಕಡೆಯಿಂದ ಬಂದ ಮಾದರಿಗಳು ಪೂರೈಸುತ್ತವೆ.

ಮೊದಲ ಹಂತ: ಲಾಟನ್ನೂ ಹರಾಜನ್ನೂ ಬೇರೆಯಾಗಿಡಿ

ಹೊಸಬರು ಸಾಮಾನ್ಯವಾಗಿ ‘ಲಾಟ್’ ಎಂಬ ಒಂದೇ ಕೋಷ್ಟಕ ಮಾಡಿ, ಅದರಲ್ಲಿಯೇ ಮಾಲಿನ ತೂಕ, ಬಗೆ, ಆರಂಭದ ಬೆಲೆ, ಮುಗಿಯುವ ಸಮಯ, ಗೆದ್ದವರ ಹೆಸರು ಎಲ್ಲವನ್ನೂ ತುಂಬುತ್ತಾರೆ. ಮೊದಲ ವಾರ ಇದು ಚೆನ್ನಾಗಿಯೇ ನಡೆಯುತ್ತದೆ. ಎರಡನೆಯ ವಾರದಲ್ಲಿ ಒಬ್ಬ ಬೆಳೆಗಾರರು ‘ಈ ದರಕ್ಕೆ ಕೊಡುವುದಿಲ್ಲ, ನಾಳೆ ಮತ್ತೆ ಟೆಂಡರಿಗೆ ಇಡಿ’ ಎನ್ನುತ್ತಾರೆ. ಅದೇ ಮಾಲು, ಅದೇ ತೂಕ, ಆದರೆ ಹರಾಜು ಬೇರೆ. ಹಳೆಯ ದರಗಳನ್ನು ಅಳಿಸದೆ ಹೊಸ ಹರಾಜನ್ನು ತೆರೆಯಲು ದಾರಿಯೇ ಇರುವುದಿಲ್ಲ. ಆದ್ದರಿಂದ ಲಾಟ್ ಎಂದರೆ ನೆಲದ ಮೇಲಿರುವ ಮಾಲು, ಹರಾಜು ಎಂದರೆ ಆ ಮಾಲಿನ ಮೇಲೆ ಒಂದು ನಿರ್ದಿಷ್ಟ ಹೊತ್ತಿನಲ್ಲಿ ಒಂದು ನಿರ್ದಿಷ್ಟ ನಿಯಮದಂತೆ ನಡೆಯುವ ಕ್ರಿಯೆ, ಬಿಡ್ ಎಂದರೆ ಆ ಕ್ರಿಯೆಯೊಳಗೆ ಒಬ್ಬರು ಕೊಟ್ಟ ಮಾತು ಎಂದು ಮೂರನ್ನೂ ಮೊದಲ ದಿನವೇ ಬೇರೆಯಾಗಿಡಬೇಕು.

ಇದೇ ಹಂತದಲ್ಲಿ ಹಣ ಮತ್ತು ತೂಕದ ವಿಷಯವನ್ನೂ ತೀರ್ಮಾನಿಸಿಬಿಡಿ. ಕಂಪ್ಯೂಟರು ದ್ವಿಮಾನದಲ್ಲಿ ಇಡುವ ಫ್ಲೋಟ್ ಸಂಖ್ಯೆಗಳಲ್ಲಿ 0.1ಕ್ಕೆ 0.2 ಕೂಡಿಸಿದರೆ ಸರಿಯಾಗಿ 0.3 ಬರುವುದಿಲ್ಲ, ದಿನಕ್ಕೆ ನೂರಾರು ಲಾಟುಗಳ ಲೆಕ್ಕದಲ್ಲಿ ಇದು ಪೈಸೆಪೈಸೆಯಾಗಿ ಸೇರಿ ಖಾತೆ ತಾಳೆಯಾಗದೆ ಉಳಿಯುತ್ತದೆ. ಹಣವನ್ನು ಪೈಸೆಯಲ್ಲಿ, ತೂಕವನ್ನು ಗ್ರಾಮಿನಲ್ಲಿ, ಪೂರ್ಣಾಂಕವಾಗಿಯೇ ಇಡಿ.

ಎರಡನೆಯ ಹಂತ: ಸ್ಥಿತಿಗಳನ್ನು ಹೆಸರಿಸಿ

ಹರಾಜೊಂದು ಹುಟ್ಟಿ ಮುಗಿಯುವವರೆಗೆ ಹಲವು ಸ್ಥಿತಿಗಳನ್ನು ದಾಟುತ್ತದೆ: ಕರಡು, ಪ್ರಕಟಣೆ, ತೆರೆದಿದೆ, ಮುಚ್ಚಿದೆ, ಬೆಳೆಗಾರರ ಒಪ್ಪಿಗೆಗೆ ಕಾಯುತ್ತಿದೆ, ಇತ್ಯರ್ಥವಾಗಿದೆ, ರದ್ದಾಗಿದೆ. ಇವುಗಳನ್ನು ‘ತೆರೆದಿದೆಯೇ’, ‘ಮುಗಿದಿದೆಯೇ’, ‘ಒಪ್ಪಿದ್ದಾರೆಯೇ’ ಎಂಬ ಹೌದು-ಅಲ್ಲಗಳ ಕಾಲಂಗಳಾಗಿ ಇಟ್ಟರೆ, ತೆರೆದೂ ಇರುವ ಮುಗಿದೂ ಇರುವ ವಿಚಿತ್ರ ಹರಾಜು ಒಂದಲ್ಲ ಒಂದು ದಿನ ಕಾಣಿಸಿಕೊಳ್ಳುವುದು ಖಂಡಿತ. ಸ್ಟೇಟ್ ಮಾದರಿ ಹೇಳುವುದು ಇಷ್ಟೇ: ಒಂದು ಹೊತ್ತಿಗೆ ಒಂದೇ ಸ್ಥಿತಿ, ಮತ್ತು ಆಯಾ ಸ್ಥಿತಿಯಲ್ಲಿ ಯಾವ ಕೆಲಸಕ್ಕೆ ಅವಕಾಶವಿದೆ ಎಂಬುದನ್ನು ಆ ಸ್ಥಿತಿಯ ವರ್ಗವೇ (ಕ್ಲಾಸ್) ನಿರ್ಧರಿಸುತ್ತದೆ. ‘ತೆರೆದಿದೆ’ ಎಂಬುದಕ್ಕೆ ಬಿಡ್ ಸ್ವೀಕರಿಸಲು ಗೊತ್ತು. ‘ಮುಚ್ಚಿದೆ’ ಎಂಬುದಕ್ಕೆ ಅದನ್ನು ಕಾರಣಸಹಿತ ನಿರಾಕರಿಸಲು ಗೊತ್ತು.

ಬೆಳೆಗಾರರ ಒಪ್ಪಿಗೆಯ ಸ್ಥಿತಿಯನ್ನು ದಯವಿಟ್ಟು ಬಿಡಬೇಡಿ. ಹೊರದೇಶದ ಮಾದರಿಗಳನ್ನು ನೋಡಿ ಬರೆದ ತಂತ್ರಾಂಶಗಳಲ್ಲಿ ಹೆಚ್ಚಿನ ಬಿಡ್ ಬಂದೊಡನೆ ವ್ಯಾಪಾರ ಮುಗಿದಂತೆಯೇ ಲೆಕ್ಕ. ನಮ್ಮ ಮಾರುಕಟ್ಟೆಗಳಲ್ಲಿ ಮಾಲಿನ ಒಡೆಯರಿಗೆ ದರ ಒಪ್ಪದಿರುವ ಹಕ್ಕಿದೆ, ಮತ್ತು ವರ್ಷದ ದುಡಿಮೆಯನ್ನು ಚೀಲದಲ್ಲಿ ತುಂಬಿ ತಂದವರಿಗೆ ಆ ಹಕ್ಕು ಸಣ್ಣದಲ್ಲ. ಒಪ್ಪಿಗೆಗೆ ಒಂದು ಗಡುವು ಇಡಿ, ಗಡುವು ಮೀರಿದರೆ ಏನಾಗುತ್ತದೆ ಎಂಬುದನ್ನು ಮಾರುಕಟ್ಟೆಯ ಹಿರಿಯರಿಂದಲೇ ಕೇಳಿ ಬರೆದುಕೊಳ್ಳಿ. ತಂತ್ರಾಂಶದವರು ಕುರ್ಚಿಯಲ್ಲಿ ಕುಳಿತು ಅದನ್ನು ಊಹಿಸಬಾರದು.

ಮೂರನೆಯ ಹಂತ: ನಿಯಮವನ್ನು ಬಿಚ್ಚಿ ಜೋಡಿಸುವಂತೆ ಮಾಡಿ

ಈಗ ಅಡಿಕೆಗೂ ಮೀನಿಗೂ ಇರುವ ವ್ಯತ್ಯಾಸಕ್ಕೆ ಬರೋಣ. ಟೆಂಡರ್ ಎಂದರೆ ಮುಚ್ಚಿದ ದರ: ಪ್ರತಿಯೊಬ್ಬರೂ ಗುಟ್ಟಾಗಿ ಬರೆಯುತ್ತಾರೆ, ಹೆಚ್ಚು ಬರೆದವರು ತಾವು ಬರೆದ ದರವನ್ನೇ ಕೊಡುತ್ತಾರೆ. ಬಂದರಿನದು ಏರುವ ಕೂಗು. ನೆದರ್ಲೆಂಡಿನ ಆಲ್ಸ್‌ಮೀರ್ ಹೂವಿನ ಮಾರುಕಟ್ಟೆಯಲ್ಲಿ ಬೆಲೆ ಮೇಲಿನಿಂದ ಕೆಳಗಿಳಿಯುತ್ತದೆ, ಮೊದಲು ತಡೆದವರಿಗೆ ಹೂವು. ಗೆದ್ದವರು ಎರಡನೆಯ ಅತಿ ಹೆಚ್ಚಿನ ದರವನ್ನು ಕೊಡುವ ಮುಚ್ಚಿದ ಹರಾಜನ್ನು ಅರ್ಥಶಾಸ್ತ್ರಜ್ಞ ವಿಲಿಯಂ ವಿಕ್ರಿ 1961ರಲ್ಲಿ ವಿಶ್ಲೇಷಿಸಿ, ಅದರಲ್ಲಿ ತನಗೆ ನಿಜವಾಗಿ ಅನ್ನಿಸಿದ ಬೆಲೆಯನ್ನು ಬರೆಯುವುದೇ ಎಲ್ಲರಿಗೂ ಲಾಭಕರ ಎಂದು ತೋರಿಸಿದರು. ಈ ನಾಲ್ಕರಲ್ಲಿಯೂ ಮೂರು ಪ್ರಶ್ನೆಗಳಿಗಷ್ಟೇ ಉತ್ತರ ಬದಲಾಗುತ್ತದೆ: ಈ ಬಿಡ್ ಸ್ವೀಕಾರಾರ್ಹವೇ, ಈಗ ಯಾರು ಮುಂದಿದ್ದಾರೆ, ಕೊನೆಯಲ್ಲಿ ಕೊಡಬೇಕಾದ ಬೆಲೆ ಎಷ್ಟು. ಈ ಮೂರು ಪ್ರಶ್ನೆಗಳನ್ನು ಒಂದು ಇಂಟರ್‌ಫೇಸ್ ಆಗಿ ಮಾಡಿ, ಒಂದೊಂದು ಬಗೆಯ ಹರಾಜಿಗೂ ಒಂದೊಂದು ವರ್ಗ ಬರೆದರೆ ಅದೇ ಸ್ಟ್ರಾಟಜಿ ಮಾದರಿ. ಹರಾಜಿನ ಉಳಿದ ಯಂತ್ರಕ್ಕೆ ತಾನು ಅಡಿಕೆ ಮಾರುತ್ತಿದ್ದೇನೋ ಇಸ್ವಣ ಮೀನು ಮಾರುತ್ತಿದ್ದೇನೋ ಎಂಬುದು ಗೊತ್ತಿರಬೇಕಾಗಿಲ್ಲ. ಇಬ್ಬರು ಒಂದೇ ದರ ಬರೆದಾಗ ಏನು ಮಾಡಬೇಕು ಎಂಬ ತೀರ್ಮಾನವೂ ಈ ವರ್ಗದೊಳಗೇ ಇರಲಿ.

ಮುಚ್ಚಿದ ದರದಲ್ಲಿ ಒಂದು ಅಪಾಯವಿದೆ, ಅದನ್ನು ತುಸು ವಿವರವಾಗಿ ಹೇಳಬೇಕು. ಕಾಗದದ ಚೀಟಿ ಪೆಟ್ಟಿಗೆಯೊಳಗಿದ್ದರೆ ಯಾರಿಗೂ ಕಾಣದು. ಡೇಟಾಬೇಸಿನಲ್ಲಿ ಬರೆದ ದರ ಆ ಡೇಟಾಬೇಸನ್ನು ನೋಡಬಲ್ಲ ಪ್ರತಿಯೊಬ್ಬ ಸಿಬ್ಬಂದಿಗೂ ಕಾಣುತ್ತದೆ. ಅದಕ್ಕಾಗಿ ದರದ ಬದಲು ದರದ ಹ್ಯಾಶ್ (ಮೂಲಕ್ಕೆ ಹಿಂದಿರುಗಿಸಲಾಗದಂತೆ ಲೆಕ್ಕಹಾಕಿದ ಗುರುತು) ಇಟ್ಟುಕೊಳ್ಳೋಣ ಎಂದು ಕೆಲವರು ಸೂಚಿಸುತ್ತಾರೆ. ದರ 40,000 ಮತ್ತು 50,000 ರೂಪಾಯಿಗಳ ನಡುವೆ ಇದ್ದೀತು ಎಂದು ಗೊತ್ತಿರುವಾಗ ಒಟ್ಟು ಸಾಧ್ಯತೆಗಳು ಹತ್ತು ಸಾವಿರದ ಆಸುಪಾಸು. ಅಷ್ಟಕ್ಕೂ ಹ್ಯಾಶ್ ಲೆಕ್ಕಹಾಕಿ ತಾಳೆ ನೋಡಲು ಸಾಮಾನ್ಯ ಕಂಪ್ಯೂಟರಿಗೆ ಕಣ್ಣು ಮಿಟುಕಿಸುವಷ್ಟು ಹೊತ್ತು ಸಾಕು. ಹಾಗಾಗಿ ಊಹಿಸಲಾಗದ ದೊಡ್ಡ ಯಾದೃಚ್ಛಿಕ ಸಂಖ್ಯೆಯೊಂದನ್ನು ದರದ ಜೊತೆ ಬೆರೆಸಿಯೇ ಹ್ಯಾಶ್ ಮಾಡಬೇಕು. ಆಗಲೂ ಒಂದು ತೊಡಕು ಉಳಿಯುತ್ತದೆ: ಹ್ಯಾಶ್ ಕೊಟ್ಟ ವ್ಯಾಪಾರಿ ತೆರೆಯುವ ಹೊತ್ತಿಗೆ ನಿಜವಾದ ದರ ಹೇಳಲು ಬರದೇ ಇರಬಹುದು. ನನ್ನ ಆಯ್ಕೆ ಬೇರೆ. ದರವನ್ನು ವ್ಯಾಪಾರಿಯ ಫೋನಿನಲ್ಲಿಯೇ ಸಾರ್ವಜನಿಕ ಕೀಲಿಯಿಂದ ಗೂಢಲಿಪಿಗೆ ಬದಲಿಸಿ ಕಳುಹಿಸಲಿ. ಬಿಚ್ಚುವ ಖಾಸಗಿ ಕೀಲಿಯನ್ನು ಎರಡು ಭಾಗ ಮಾಡಿ ಸಂಘದ ಇಬ್ಬರು ಜವಾಬ್ದಾರರ ಬಳಿ ಇಡಲಿ. ಹೊತ್ತಾದಾಗ ಇಬ್ಬರೂ ಕೂಡಿ ತೆರೆಯಲಿ. ಹಳೆಯ ಪೆಟ್ಟಿಗೆಗೆ ಇಬ್ಬರು ಬೀಗ ಹಾಕುತ್ತಿದ್ದ ಪದ್ಧತಿಯೇ ಇದು.

ನಾಲ್ಕನೆಯ ಹಂತ: ಬಿಡ್ ಸ್ವೀಕರಿಸುವ ಬಾಗಿಲು

ಇಡೀ ವ್ಯವಸ್ಥೆಯ ಜೀವಾಳ ಇಲ್ಲಿದೆ, ನಾನು ಅತಿ ದೊಡ್ಡ ತಪ್ಪು ಮಾಡಿದ್ದೂ ಇಲ್ಲಿಯೇ. ಕೆಲವು ವರ್ಷಗಳ ಹಿಂದೆ ಒಂದು ಸಂಸ್ಥೆಗಾಗಿ ಹರಾಜಿನ ತಂತ್ರಾಂಶ ಬರೆಯುವಾಗ ‘ಹರಾಜು ನಿರ್ವಾಹಕ’ ಎಂಬ ಸಿಂಗಲ್‌ಟನ್ ಮಾಡಿದ್ದೆ. ಇಡೀ ಪ್ರೋಗ್ರಾಮಿನಲ್ಲಿ ಅದರ ಒಂದೇ ಪ್ರತಿ ಇರುತ್ತದೆ, ಪ್ರತಿ ಲಾಟಿನ ಸದ್ಯದ ಅತಿ ಹೆಚ್ಚಿನ ಬಿಡ್ ಅದರ ನೆನಪಿನಲ್ಲಿರುತ್ತದೆ, ಆದ್ದರಿಂದ ಗೊಂದಲಕ್ಕೆ ಎಡೆಯಿಲ್ಲ ಎಂದು ನಂಬಿದ್ದೆ. ಪರೀಕ್ಷೆಯಲ್ಲಿ ಎಲ್ಲವೂ ಸರಿಯಾಗಿತ್ತು. ಆದರೆ ನಿಜವಾದ ಹರಾಜಿನ ದಿನ ಭಾರ ಹೆಚ್ಚಾದೀತೆಂದು ಯಾರೋ ಎರಡನೆಯ ಸರ್ವರ್ ಚಾಲೂ ಮಾಡಿದರು. ಎರಡು ಸರ್ವರ್ ಎಂದರೆ ಎರಡು ಪ್ರೋಗ್ರಾಮು, ಎರಡು ಪ್ರೋಗ್ರಾಮು ಎಂದರೆ ಎರಡು ‘ಒಂದೇ ಪ್ರತಿ’. ಒಂದೇ ಲಾಟಿಗೆ ಇಬ್ಬರು ವ್ಯಾಪಾರಿಗಳಿಗೆ ‘ನೀವೇ ಮುಂದಿದ್ದೀರಿ’ ಎಂಬ ಸಂದೇಶ ಹೋಯಿತು. ಇಬ್ಬರೂ ಕೈ ಬೀಸಿಕೊಂಡು ಮಾಲು ಎತ್ತಲು ಬಂದರು. ಅಂದು ಅಂಗಳದಲ್ಲಿ ನಿಂತಿದ್ದ ಹಿರಿಯ ಬೆಳೆಗಾರರೊಬ್ಬರು ನನ್ನನ್ನು ಕರೆದು, ‘ತಮಾ, ಈ ರೇಟು ಹ್ಯಾಂಗೆ ಬಂತು ಹೇಳಿ ತೋರ್ಸಲೆ ಆಗ್ತಾ?’ ಎಂದು ಕೇಳಿದರು. ತೋರಿಸಲು ನನ್ನ ಬಳಿ ಏನೂ ಇರಲಿಲ್ಲ. ನೆನಪಿನಲ್ಲಿದ್ದ ಅಂಕಿ ಪ್ರತಿ ಬಿಡ್ ಬಂದಾಗಲೂ ಹಿಂದಿನದನ್ನು ಅಳಿಸಿಕೊಂಡೇ ಮುಂದೆ ಹೋಗಿತ್ತು. ಅವರ ಆ ಪ್ರಶ್ನೆಗೆ ಉತ್ತರ ಕೊಡಬಲ್ಲ ತಂತ್ರಾಂಶವೇ ಒಳ್ಳೆಯ ಹರಾಜು ತಂತ್ರಾಂಶ ಎಂದು ಅಂದಿನಿಂದ ನಾನು ತಿಳಿದಿದ್ದೇನೆ, ಮುಂದಿನ ಎರಡು ಹಂತಗಳು ಆ ಉತ್ತರವನ್ನು ಕಟ್ಟುವ ಕೆಲಸವೇ.

ತೊಂದರೆಯನ್ನು ಹತ್ತಿರದಿಂದ ನೋಡೋಣ. ಒಂದು ಬುಟ್ಟಿ ಸಿಗಡಿಗೆ ಸದ್ಯದ ಬೆಲೆ 5,200 ರೂ. ಇದೆ ಎಂದುಕೊಳ್ಳಿ. ಕುಮಟಾದಿಂದ ಒಬ್ಬರು, ಅಂಕೋಲೆಯಿಂದ ಇನ್ನೊಬ್ಬರು ಹೆಚ್ಚುಕಡಿಮೆ ಒಂದೇ ಕ್ಷಣದಲ್ಲಿ 5,300 ಒತ್ತುತ್ತಾರೆ. ಮೊದಲ ಕೋರಿಕೆ ಡೇಟಾಬೇಸ್ ಓದುತ್ತದೆ: 5,200. ಎರಡನೆಯ ಕೋರಿಕೆಯೂ ಓದುತ್ತದೆ: 5,200. ಎರಡಕ್ಕೂ ತಮ್ಮ ಬಿಡ್ ಹೆಚ್ಚೆಂದೇ ಕಾಣುತ್ತದೆ, ಎರಡೂ ಬರೆಯುತ್ತವೆ, ಎರಡನೆಯದು ಮೊದಲನೆಯದನ್ನು ಮುಚ್ಚಿಹಾಕುತ್ತದೆ. ಟ್ರಾನ್ಸಾಕ್ಷನ್ ಬಳಸಿದ್ದೇನಲ್ಲ ಎಂದು ಸಮಾಧಾನ ಪಡಬೇಡಿ. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪೂರ್ವನಿಯೋಜಿತ ಪ್ರತ್ಯೇಕತಾ ಮಟ್ಟ ‘ರೀಡ್ ಕಮಿಟೆಡ್’ (ಬೇರೆಯವರು ಬರೆದು ಖಾಯಂ ಮಾಡಿದ್ದನ್ನಷ್ಟೇ ಓದುವುದು) ಆಗಿದ್ದು, ಓದಿ, ಪ್ರೋಗ್ರಾಮಿನಲ್ಲಿ ಹೋಲಿಸಿ, ಮತ್ತೆ ಬರೆಯುವ ಈ ಬಗೆಯ ತಪ್ಪನ್ನು ಅದು ತಡೆಯುವುದಿಲ್ಲ.

ಪರಿಹಾರಗಳು ಮೂರು. ಮೊದಲನೆಯದು ಸಾಲಿಗೆ ಬೀಗ: ‘ಸೆಲೆಕ್ಟ್ ಫಾರ್ ಅಪ್‌ಡೇಟ್’ ಎಂದು ಹರಾಜಿನ ಸಾಲನ್ನು ಓದಿದರೆ, ಅದೇ ರೀತಿ ಓದಬಯಸುವ ಎರಡನೆಯ ಕೋರಿಕೆ ಮೊದಲನೆಯದು ಮುಗಿಯುವವರೆಗೆ ಹೊರಗೆ ನಿಲ್ಲುತ್ತದೆ, ಒಳಬಂದಾಗ ಅದಕ್ಕೆ 5,300 ಕಾಣುತ್ತದೆ, ಸೌಜನ್ಯದಿಂದ ನಿರಾಕರಿಸುತ್ತದೆ. ಎರಡನೆಯದು ವರ್ಶನ್ ಸಂಖ್ಯೆ: ಓದುವಾಗ ವರ್ಶನ್ 17 ಇತ್ತು, ಬರೆಯುವಾಗಲೂ 17 ಇದ್ದರೆ ಮಾತ್ರ 18 ಎಂದು ಬರೆ ಎಂದು ಹೇಳುವುದು, ಯಾವ ಸಾಲೂ ಬದಲಾಗದಿದ್ದರೆ ನಡುವೆ ಬೇರೆಯವರು ಬಂದಿದ್ದಾರೆ ಎಂದರ್ಥ, ಮತ್ತೆ ಮೊದಲಿನಿಂದ ಪ್ರಯತ್ನಿಸಬೇಕು. ಮೂರನೆಯದು ಪ್ರತಿ ಲಾಟಿಗೂ ಒಂದೇ ಸರದಿ ಮತ್ತು ಆ ಸರದಿಗೆ ಒಬ್ಬನೇ ಬರಹಗಾರ. ಸಂದೇಶಗಳನ್ನು ಸರದಿಯಲ್ಲಿ ಸಾಗಿಸುವ ಕಾಫ್ಕಾದಂಥ ವ್ಯವಸ್ಥೆಯಲ್ಲಿ ಲಾಟಿನ ಗುರುತುಸಂಖ್ಯೆಯನ್ನೇ ವಿಭಾಗದ ಕೀಲಿಯಾಗಿಸಿದರೆ ಆ ಲಾಟಿನ ಬಿಡ್‌ಗಳು ಕ್ರಮ ತಪ್ಪದೆ ಬರುತ್ತವೆ.

ಇವುಗಳಲ್ಲಿ ಯಾವುದು ಎಂದು ಕೇಳಿದರೆ, ದಿನಕ್ಕೆ ಕೆಲವು ನೂರು ಲಾಟು, ಕೆಲವು ಹತ್ತು ವ್ಯಾಪಾರಿಗಳಿರುವ ನಮ್ಮ ಮಾರುಕಟ್ಟೆಗಳಿಗೆ ಸಾಲಿನ ಬೀಗವೇ ಸಾಕು ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ವರ್ಶನ್ ಸಂಖ್ಯೆಯ ಕ್ರಮ ಪೈಪೋಟಿ ಕಡಿಮೆ ಇರುವಲ್ಲಿ ಚೆನ್ನ; ಹರಾಜಿನಲ್ಲಾದರೋ ಕೊನೆಯ ನಿಮಿಷದಲ್ಲಿ ಎಲ್ಲರೂ ಒಂದೇ ಸಾಲಿನ ಮೇಲೆ ಮುಗಿಬೀಳುತ್ತಾರೆ, ಆಗ ಮರುಪ್ರಯತ್ನಗಳೇ ರಾಶಿ ಬೀಳುತ್ತವೆ. ಸರದಿಯ ವ್ಯವಸ್ಥೆ ದೊಡ್ಡ ಪ್ರಮಾಣಕ್ಕೆ ಸೊಗಸಾದದ್ದು, ಆದರೆ ಅದನ್ನು ನೋಡಿಕೊಳ್ಳಲು ಪರಿಣತಿ ಬೇಕು. ಮಳೆಗಾಲದ ರಾತ್ರಿ ಅದು ನಿಂತುಹೋದರೆ ಸರಿಪಡಿಸಲು ಯಾರಿದ್ದಾರೆ ಎಂದು ಯೋಚಿಸಿ. ಬೀಗ ಬಳಸುವಾಗ ಒಂದು ಶಿಸ್ತು ಮಾತ್ರ ಅನಿವಾರ್ಯ: ಬೀಗ ಕೈಯಲ್ಲಿರುವಾಗ ಎಸ್‌ಎಂಎಸ್ ಕಳುಹಿಸುವುದು, ಬ್ಯಾಂಕನ್ನು ಕೇಳುವುದು ಮುಂತಾದ ನಿಧಾನದ ಕೆಲಸ ಮಾಡಕೂಡದು.

ಬೀಗದೊಳಗೆ ಬರುವ ಮುನ್ನವೇ ಮುಗಿಸಬಹುದಾದ ತಪಾಸಣೆಗಳಿವೆ: ವ್ಯಾಪಾರಿಯ ಪರವಾನಗಿ ಚಾಲ್ತಿಯಲ್ಲಿದೆಯೇ, ಠೇವಣಿ ಸಾಕಷ್ಟಿದೆಯೇ, ತನ್ನದೇ ಮಾಲಿಗೆ ತಾನೇ ಬಿಡ್ ಹಾಕುತ್ತಿಲ್ಲವೇ, ದರ ನಿಗದಿತ ಏರಿಕೆಯ ಪ್ರಮಾಣದಲ್ಲಿದೆಯೇ, 45,000 ಬರೆಯಲು ಹೋಗಿ 4,50,000 ಒತ್ತಿಲ್ಲವೇ. ಒಂದೊಂದನ್ನೂ ಪುಟ್ಟ ವರ್ಗವಾಗಿ ಬರೆದು ಸರಪಳಿಯಂತೆ ಕೊಂಡಿ ಹಾಕುವುದು ಚೈನ್ ಆಫ್ ರೆಸ್ಪಾನ್ಸಿಬಿಲಿಟಿ ಮಾದರಿ; ಹೊಸ ನಿಯಮ ಬಂದರೆ ಹೊಸ ಕೊಂಡಿ ಸೇರಿಸಿದರಾಯಿತು. ನಿರಾಕರಣೆಯ ಕಾರಣವನ್ನು ಕನ್ನಡದಲ್ಲಿ, ವ್ಯಾಪಾರಿಗೆ ಅರ್ಥವಾಗುವ ಮಾತಿನಲ್ಲಿ ಹಿಂದಿರುಗಿಸಿ.

ಐದನೆಯ ಹಂತ: ಘಟ್ಟದ ನೆಟ್‌ವರ್ಕಿಗೆ ತಕ್ಕ ಆದೇಶ

ಸಿದ್ದಾಪುರದ ಕಡೆಯ ಹಳ್ಳಿಯಲ್ಲಿ ಕುಳಿತ ವ್ಯಾಪಾರಿ ‘ಬಿಡ್ ಹಾಕು’ ಒತ್ತುತ್ತಾರೆ. ಚಕ್ರ ತಿರುಗುತ್ತಲೇ ಇರುತ್ತದೆ. ಅವರ ಬಿಡ್ ಸರ್ವರಿಗೆ ತಲುಪಿ ದಾಖಲಾಗಿಯೂ ಇದೆ, ಆದರೆ ಉತ್ತರ ಮರಳುವಷ್ಟರಲ್ಲಿ ಸಿಗ್ನಲ್ ಹೋಗಿದೆ. ಅವರು ಅಂಗಳದ ತುದಿಗೆ ನಡೆದು, ಎರಡು ಗೆರೆ ಕಾಣಿಸಿದೊಡನೆ ಮತ್ತೆ ಒತ್ತುತ್ತಾರೆ. ಸರ್ವರಿನ ಕಣ್ಣಿಗೆ ಇದು ಎರಡನೆಯ ಬಿಡ್. ಏರುವ ಹರಾಜಿನಲ್ಲಿ ‘ಒಂದು ಹೆಜ್ಜೆ ಮೇಲೆ’ ಎಂಬ ಗುಂಡಿ ಇದ್ದರಂತೂ ಅವರು ತಮ್ಮ ಬೆಲೆಯನ್ನು ತಾವೇ ಏರಿಸಿಕೊಂಡಂತೆ ಆಗುತ್ತದೆ.

ಕಮಾಂಡ್ ಮಾದರಿ ಇಲ್ಲಿ ಕೈಹಿಡಿಯುತ್ತದೆ. ಬಿಡ್ ಎಂಬುದನ್ನು ಬರಿಯ ಫಂಕ್ಷನ್ ಕರೆಯಾಗಿ ನೋಡದೆ, ಯಾರು, ಯಾವ ಹರಾಜಿಗೆ, ಎಷ್ಟು, ಯಾವ ಗುರುತುಸಂಖ್ಯೆಯ ಕೋರಿಕೆಯಲ್ಲಿ ಎಂಬ ವಿವರಗಳನ್ನು ಹೊತ್ತ ಒಂದು ಆದೇಶಪತ್ರವಾಗಿ ಮಾಡಿ. ಗುರುತುಸಂಖ್ಯೆಯನ್ನು ಫೋನೇ ಹುಟ್ಟಿಸಬೇಕು, ಮತ್ತು ಅದನ್ನು ಹುಟ್ಟಿಸುವ ಜಾಗ ಮುಖ್ಯ: ಗುಂಡಿ ಒತ್ತಿದಾಗಲೆಲ್ಲ ಹೊಸತನ್ನು ಹುಟ್ಟಿಸಿದರೆ ಪ್ರಯೋಜನವಿಲ್ಲ, ವ್ಯಾಪಾರಿ ದರ ಬರೆದು ದೃಢೀಕರಣದ ಪುಟ ತೆರೆದಾಗ ಒಮ್ಮೆ ಹುಟ್ಟಿಸಿ, ಉತ್ತರ ಬರುವವರೆಗೆ ಅದನ್ನೇ ಕಳುಹಿಸುತ್ತಿರಬೇಕು. ಸರ್ವರಿನಲ್ಲಿ ಆ ಸಂಖ್ಯೆಗೆ ಯೂನಿಕ್ ನಿರ್ಬಂಧ (ಒಂದೇ ಸಂಖ್ಯೆ ಎರಡು ಬಾರಿ ದಾಖಲಾಗದಂತೆ ತಡೆ) ಇರಲಿ. ಅದೇ ಸಂಖ್ಯೆ ಎರಡನೆಯ ಬಾರಿ ಬಂದರೆ ಹೊಸದಾಗಿ ಏನೂ ಮಾಡದೆ, ಮೊದಲ ಬಾರಿ ಕೊಟ್ಟ ಉತ್ತರವನ್ನೇ ಮತ್ತೆ ಕೊಡಿ. ಸಂಖ್ಯೆ ಅದೇ, ದರ ಬೇರೆ ಎಂದಾದರೆ ತಿರಸ್ಕರಿಸಿ. ಅದು ತಂತ್ರಾಂಶದ ದೋಷ ಇಲ್ಲವೇ ಕೈಚಳಕ.

ಆರನೆಯ ಹಂತ: ಅಳಿಸದ ಕಿರ್ದಿ

ಹಳೆಯ ಅಂಗಡಿಗಳ ಕಿರ್ದಿ ಪುಸ್ತಕದಲ್ಲಿ ತಪ್ಪು ಬರೆದರೆ ಉಜ್ಜುವ ಕ್ರಮವಿರಲಿಲ್ಲ. ಗೆರೆ ಎಳೆದು ಕೆಳಗೆ ಸರಿಯಾದದ್ದನ್ನು ಬರೆಯುತ್ತಿದ್ದರು. ಇವೆಂಟ್ ಸೋರ್ಸಿಂಗ್ ಎಂಬ ಮಾದರಿಯ ತಿರುಳು ಇದೇ. ‘ಸದ್ಯದ ಬೆಲೆ’ ಎಂಬ ಅಂಕಿಯನ್ನು ತಿದ್ದುತ್ತ ಹೋಗುವ ಬದಲು, ಹರಾಜು ತೆರೆಯಿತು, ಬಿಡ್ ಬಂತು, ಬಿಡ್ ನಿರಾಕರಣೆಯಾಯಿತು, ಸಮಯ ಮುಂದೆ ಹೋಯಿತು, ಹರಾಜು ಮುಚ್ಚಿತು, ಬೆಳೆಗಾರರು ಒಪ್ಪಿದರು ಎಂದು ನಡೆದ ಘಟನೆಗಳನ್ನು ಒಂದರ ಕೆಳಗೊಂದರಂತೆ ಬರೆಯುತ್ತ ಹೋಗಿ. ಸದ್ಯದ ಬೆಲೆ ಎಂಬುದು ಆ ಘಟನೆಗಳನ್ನು ಮೊದಲಿನಿಂದ ಓದಿದಾಗ ಹೊಮ್ಮುವ ಫಲ. ಪ್ರತಿ ಘಟನೆಗೂ ಆ ಹರಾಜಿನೊಳಗಿನ ಕ್ರಮಸಂಖ್ಯೆ ಇರಲಿ, ಹರಾಜು ಮತ್ತು ಕ್ರಮಸಂಖ್ಯೆಗಳ ಜೋಡಿಗೆ ಯೂನಿಕ್ ನಿರ್ಬಂಧವಿರಲಿ. ನಾಲ್ಕನೆಯ ಹಂತದ ಬೀಗ ಎಲ್ಲಿಯಾದರೂ ಕೈಕೊಟ್ಟರೂ ಎರಡು ‘42ನೆಯ ಘಟನೆ’ಗಳು ದಾಖಲಾಗಲು ಈ ನಿರ್ಬಂಧ ಬಿಡುವುದಿಲ್ಲ. ನಿರಾಕರಿಸಿದ ಬಿಡ್‌ಗಳನ್ನೂ ಬರೆಯಿರಿ. ಜಗಳ ಬರುವುದು ಹೆಚ್ಚಾಗಿ ಅವುಗಳ ವಿಷಯದಲ್ಲಿಯೇ. ಈ ಕೋಷ್ಟಕದ ಮೇಲೆ ಪ್ರೋಗ್ರಾಮಿನ ಬಳಕೆದಾರ ಖಾತೆಗೆ ಸೇರಿಸುವ ಮತ್ತು ಓದುವ ಅಧಿಕಾರವನ್ನಷ್ಟೇ ಕೊಡಿ, ತಿದ್ದುವ ಮತ್ತು ಅಳಿಸುವ ಅಧಿಕಾರ ಬೇಡ. ಪ್ರತಿ ಘಟನೆಯಲ್ಲಿ ಹಿಂದಿನ ಘಟನೆಯ ಹ್ಯಾಶ್ ಸೇರಿಸಿ, ದಿನದ ಕೊನೆಯ ಹ್ಯಾಶನ್ನು ಸೂಚನಾ ಫಲಕದಲ್ಲಿ ಅಂಟಿಸಿದರೆ, ರಾತ್ರಿ ಯಾರಾದರೂ ನಡುವಿನ ಸಾಲನ್ನು ಬದಲಿಸಿದರೂ ಮರುದಿನ ಗೊತ್ತಾಗುತ್ತದೆ.

ತೆರೆಯ ಮೇಲೆ ತೋರಿಸಲು ಪ್ರತಿ ಬಾರಿ ಎಲ್ಲ ಘಟನೆಗಳನ್ನು ಓದುವುದು ಬೇಡ. ತೋರಿಸುವುದಕ್ಕೆಂದೇ ಬೇರೆ ಕೋಷ್ಟಕವಿರಲಿ, ಘಟನೆ ಬಂದಂತೆ ಅದು ಪರಿಷ್ಕೃತವಾಗಲಿ. ಬರೆಯುವ ದಾರಿ, ಓದುವ ದಾರಿ ಬೇರೆಬೇರೆ ಎಂಬ ಈ ಏರ್ಪಾಡನ್ನು ಸಿಕ್ಯೂಆರ್‌ಎಸ್ ಎನ್ನುತ್ತಾರೆ. ಓದುವ ಕೋಷ್ಟಕ ಕೆಟ್ಟರೆ ಚಿಂತೆಯಿಲ್ಲ, ಅಳಿಸಿ ಕಿರ್ದಿಯಿಂದ ಮತ್ತೆ ಕಟ್ಟಬಹುದು.

ಏಳನೆಯ ಹಂತ: ಸುದ್ದಿ ಮುಟ್ಟಿಸುವುದು

ಬೆಲೆ ಬದಲಾದೊಡನೆ ಉಳಿದ ವ್ಯಾಪಾರಿಗಳಿಗೆ, ಬೆಳೆಗಾರರಿಗೆ, ಫಲಕಕ್ಕೆ, ಲೆಕ್ಕಪತ್ರ ವಿಭಾಗಕ್ಕೆ ತಿಳಿಯಬೇಕು. ಹರಾಜಿಗೆ ಇವರಾರ ಪರಿಚಯವೂ ಬೇಡ, ಆಸಕ್ತಿ ಇರುವವರು ತಾವೇ ಹೆಸರು ನೋಂದಾಯಿಸಲಿ ಎಂಬುದು ಅಬ್ಸರ್ವರ್ ಮಾದರಿ. ಇದರಲ್ಲೊಂದು ಹಳ್ಳವಿದೆ. ಬಿಡ್ ದಾಖಲಾಗುವ ಮುನ್ನವೇ ಸುದ್ದಿ ಹೋಗಿ, ಆಮೇಲೆ ದಾಖಲೆ ವಿಫಲವಾದರೆ, ಇಲ್ಲದ ಬೆಲೆಯನ್ನು ಊರಿಗೆಲ್ಲ ಸಾರಿದಂತಾಗುತ್ತದೆ. ದಾಖಲಾದ ನಂತರ ಸುದ್ದಿ ಕಳುಹಿಸುವ ಮುನ್ನ ಕರೆಂಟು ಹೋದರೆ ಯಾರಿಗೂ ತಿಳಿಯದು. ಔಟ್‌ಬಾಕ್ಸ್ ಮಾದರಿ ಇದಕ್ಕೆ ಮದ್ದು: ಘಟನೆಯನ್ನು ಬರೆಯುವ ಅದೇ ಟ್ರಾನ್ಸಾಕ್ಷನ್ನಿನಲ್ಲಿ ‘ಕಳುಹಿಸಬೇಕಾದದ್ದು’ ಎಂಬ ಕೋಷ್ಟಕಕ್ಕೂ ಒಂದು ಸಾಲು ಬರೆಯಿರಿ, ಬೇರೊಂದು ಕೆಲಸಗಾರ ಪ್ರಕ್ರಿಯೆ ಅದನ್ನು ಓದಿ ಕಳುಹಿಸಿ ಗುರುತು ಹಾಕಲಿ. ಒಂದೇ ಸುದ್ದಿ ಎರಡು ಬಾರಿ ಹೋಗುವ ಸಂಭವವಿದೆ, ಕಳೆದುಹೋಗುವ ಸಂಭವವಿಲ್ಲ. ಪಡೆಯುವವರು ಘಟನೆಯ ಸಂಖ್ಯೆ ನೋಡಿ ಎರಡನೆಯದನ್ನು ಬಿಟ್ಟುಬಿಡಲಿ. ಫೋನಿನ ಆ್ಯಪ್ ಕೂಡ ಕ್ರಮಸಂಖ್ಯೆಯನ್ನು ಗಮನಿಸಬೇಕು: 41ರ ನಂತರ 43 ಬಂದರೆ ನಡುವಿನದನ್ನು ಕೇಳಿ ಪಡೆಯಬೇಕು, ಅಲ್ಲಿಯವರೆಗೆ ಬಿಡ್ ಗುಂಡಿಯನ್ನು ಮಂಕಾಗಿಸಬೇಕು.

ಎಂಟನೆಯ ಹಂತ: ಗಡಿಯಾರ ಯಾರದು

ಸಮಯ ಎಂದರೆ ಸರ್ವರಿನ ಸಮಯ, ಫೋನಿನದಲ್ಲ. ಸರ್ವರುಗಳ ಗಡಿಯಾರವನ್ನು ಎನ್‌ಟಿಪಿ (ನೆಟ್‌ವರ್ಕಿನಿಂದ ಸಮಯ ಪಡೆಯುವ ವ್ಯವಸ್ಥೆ) ಮೂಲಕ ಸರಿಹೊಂದಿಸಿ, ಯುಟಿಸಿ ಎಂಬ ಜಾಗತಿಕ ಸಮಯದಲ್ಲಿ ಉಳಿಸಿ, ತೋರಿಸುವಾಗ ಐದೂವರೆ ಗಂಟೆ ಸೇರಿಸಿ. ಪೋಸ್ಟ್‌ಗ್ರೆಸ್‌ನಲ್ಲಿ ‘ನೌ’ ಫಂಕ್ಷನ್ ಟ್ರಾನ್ಸಾಕ್ಷನ್ ಆರಂಭವಾದ ಸಮಯವನ್ನು ಕೊಡುತ್ತದೆ, ಆ ಕ್ಷಣದ ಸಮಯವನ್ನಲ್ಲ. ಬೀಗಕ್ಕಾಗಿ ಕಾದು ನಿಂತ ಕೋರಿಕೆ ಇದನ್ನು ಬಳಸಿದರೆ ಕ್ರಮಸಂಖ್ಯೆಯಲ್ಲಿ ನಂತರ, ಸಮಯದಲ್ಲಿ ಮೊದಲು ಎಂಬ ಎಡವಟ್ಟಾದ ದಾಖಲೆ ಹುಟ್ಟಬಹುದು. ಬೀಗ ಸಿಕ್ಕ ನಂತರ ‘ಕ್ಲಾಕ್ ಟೈಮ್‌ಸ್ಟ್ಯಾಂಪ್’ ಫಂಕ್ಷನ್ ಬಳಸಿ ಸಮಯ ತೆಗೆದುಕೊಳ್ಳಿ.

ಏರುವ ಹರಾಜಿಗೆ ನಿಗದಿತ ಕೊನೆಯ ಕ್ಷಣ ಇಟ್ಟರೆ ಎಲ್ಲರೂ ಆ ಕ್ಷಣಕ್ಕಾಗಿಯೇ ಕಾಯುತ್ತಾರೆ. ಅರ್ಥಶಾಸ್ತ್ರಜ್ಞರಾದ ಆಲ್ವಿನ್ ರಾತ್ ಮತ್ತು ಆಕ್ಸೆಲ್ ಆಕೆನ್‌ಫೆಲ್ಸ್ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಟ್ಟುನಿಟ್ಟಿನ ಗಡುವು ಇದ್ದ ಇಬೇಯಲ್ಲಿ ಕೊನೆಗಳಿಗೆಯ ಬಿಡ್‌ಗಳು, ಬಿಡ್ ಬಂದಂತೆ ಗಡುವು ಮುಂದೆ ಹೋಗುತ್ತಿದ್ದ ಅಮೆಜಾನ್ ಹರಾಜುಗಳಿಗಿಂತ ಬಹಳ ಹೆಚ್ಚಾಗಿದ್ದವು ಎಂದು ಕಂಡುಬಂದಿತು. ಬಂದರಿನಲ್ಲಿ ಕೂಗುವವರು ಗಡಿಯಾರ ನೋಡುವುದಿಲ್ಲ. ‘ಒಂದನೇ ಸಾರಿ, ಎರಡನೇ ಸಾರಿ’ ಎನ್ನುವಷ್ಟರಲ್ಲಿ ಹೊಸ ಕೂಗು ಬಂದರೆ ಮತ್ತೆ ಒಂದರಿಂದ ಎಣಿಸುತ್ತಾರೆ. ಅದನ್ನೇ ನಿಯಮವಾಗಿಸಿ: ಕೊನೆಯ ಎರಡು ನಿಮಿಷದೊಳಗೆ ಬಿಡ್ ಬಂದರೆ ಆ ಬಿಡ್‌ನಿಂದ ಮತ್ತೆ ಎರಡು ನಿಮಿಷ. ಮುಚ್ಚಿದ ಟೆಂಡರಿಗೆ ಇದು ಬೇಡ, ಅಲ್ಲಿ ಗಡುವು ಗಡುವೇ.

ಮುಚ್ಚುವ ಕೆಲಸವನ್ನು ಟೈಮರ್ ಒಂದನ್ನೇ ನಂಬಿ ಬಿಡಬೇಡಿ. ಸರ್ವರ್ ನಿಂತು ಮತ್ತೆ ಎದ್ದರೆ ಟೈಮರ್ ತಪ್ಪಿಹೋಗುತ್ತದೆ. ಪ್ರತಿ ಬಿಡ್ ಬಂದಾಗಲೂ ಬೀಗದೊಳಗೆ ಗಡುವನ್ನು ತಾನೇ ನೋಡಬೇಕು. ಸರ್ವರ್ ಎದ್ದೊಡನೆ, ಗಡುವು ಮೀರಿಯೂ ತೆರೆದೇ ಇರುವ ಹರಾಜುಗಳನ್ನು ಹುಡುಕಿ ಮುಚ್ಚಬೇಕು. ‘ಮುಚ್ಚು’ ಎಂಬುದೂ ಬಿಡ್‌ನಂತೆಯೇ ಒಂದು ಆದೇಶವಾಗಿ ಅದೇ ಬಾಗಿಲಿನಿಂದ ಒಳಬರಲಿ.

ಒಂಬತ್ತನೆಯ ಹಂತ: ಹರಾಜು ಮುಗಿದ ಮೇಲೆ

ಗೆದ್ದವರಿಂದ ಹಣ, ಸೋತವರಿಗೆ ಠೇವಣಿ ಬಿಡುಗಡೆ, ಬೆಳೆಗಾರರಿಗೆ ಪಾವತಿ, ಹಮಾಲಿ ಮತ್ತು ಕಮಿಷನ್ ಲೆಕ್ಕ, ಮಾಲು ಎತ್ತುವಿಕೆ: ಇವೆಲ್ಲ ಒಂದೇ ಟ್ರಾನ್ಸಾಕ್ಷನ್ನಿನಲ್ಲಿ ಮುಗಿಯುವಂಥವಲ್ಲ, ಬ್ಯಾಂಕು ನಮ್ಮ ಡೇಟಾಬೇಸಿನ ಒಳಗಿಲ್ಲ. ಸಾಗಾ ಮಾದರಿಯಲ್ಲಿ ಪ್ರತಿ ಹೆಜ್ಜೆಗೂ ಅದನ್ನು ಸರಿದೂಗಿಸಿ ಹಿಂದಕ್ಕೆ ತರುವ ಹೆಜ್ಜೆಯೊಂದನ್ನು ಮೊದಲೇ ಬರೆದಿಡುತ್ತೇವೆ. ಗೆದ್ದವರು ಹಣ ಕಟ್ಟದಿದ್ದರೆ ಠೇವಣಿ ಮುಟ್ಟುಗೋಲು, ಲಾಟ್ ಮರುಹರಾಜಿಗೆ. ಮೊದಲ ಹಂತದಲ್ಲಿ ಲಾಟನ್ನೂ ಹರಾಜನ್ನೂ ಬೇರೆಯಾಗಿಟ್ಟದ್ದರ ಪ್ರಯೋಜನ ಇಲ್ಲಿ ಮತ್ತೊಮ್ಮೆ ಸಿಗುತ್ತದೆ.

ಕೊನೆಯ ಹಂತ: ಪರೀಕ್ಷೆ ಮತ್ತು ಅಂಗಳಕ್ಕೆ ಇಳಿಸುವುದು

ಗಡಿಯಾರವನ್ನು ಒಂದು ಇಂಟರ್‌ಫೇಸ್ ಆಗಿ ಹೊರಗಿನಿಂದ ಕೊಡುವಂತೆ ಬರೆದಿದ್ದರೆ, ಪರೀಕ್ಷೆಯಲ್ಲಿ ಸುಳ್ಳು ಗಡಿಯಾರ ಕೊಟ್ಟು ಎರಡು ಗಂಟೆಯ ಹರಾಜನ್ನು ಒಂದು ಸೆಕೆಂಡಿನಲ್ಲಿ ನಡೆಸಿ ನೋಡಬಹುದು. ನಾನು ತಪ್ಪದೆ ಮಾಡಿಸುವ ಪರೀಕ್ಷೆ ಒಂದಿದೆ: ಎರಡು ಸರ್ವರುಗಳನ್ನು ಎಬ್ಬಿಸಿ, ಐವತ್ತು ಎಳೆಗಳಿಂದ (ಥ್ರೆಡ್) ಒಂದೇ ಲಾಟಿಗೆ ಒಂದೇ ದರವನ್ನು ಒಟ್ಟಿಗೆ ಕಳುಹಿಸುವುದು. ಏರುವ ಹರಾಜಿನಲ್ಲಿ ಒಂದು ಮಾತ್ರ ಸ್ವೀಕಾರವಾಗಿ ನಲವತ್ತೊಂಬತ್ತು ನಿರಾಕರಣೆಯಾಗಬೇಕು, ಕ್ರಮಸಂಖ್ಯೆಗಳ ನಡುವೆ ತೆರಪು ಇರಬಾರದು, ಬೆಲೆ ಎಂದೂ ಇಳಿಯಬಾರದು. ಪ್ರತಿ ರಾತ್ರಿ ಕಿರ್ದಿಯನ್ನು ಮೊದಲಿನಿಂದ ಓದಿಸಿ, ಬಂದ ಫಲವನ್ನು ತೋರಿಸುವ ಕೋಷ್ಟಕದೊಡನೆ ತಾಳೆ ಹಾಕಿಸಿ. ಒಂದು ಪೈಸೆ ವ್ಯತ್ಯಾಸವಿದ್ದರೂ ಬೆಳಗಿನ ಹರಾಜು ತೆರೆಯುವ ಮುನ್ನ ತಿಳಿಯಬೇಕು.

ಬಂದರಿನ ಹರಾಜಿಗಾಗಿ ಕಟ್ಟುತ್ತಿದ್ದರೆ ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆಯ ನಿಷೇಧದ 61 ದಿನಗಳು ತರಬೇತಿಗೆ ಹೇಳಿ ಮಾಡಿಸಿದ ಕಾಲ. ದೋಣಿಗಳು ದಡದಲ್ಲಿರುತ್ತವೆ, ಜನರಿಗೆ ಕುಳಿತು ಕೇಳಲು ಬಿಡುವಿರುತ್ತದೆ. ಅಡಿಕೆಯ ಟೆಂಡರಿನಲ್ಲಾದರೆ ಮೊದಲ ಕೆಲವು ವಾರ ಕಾಗದದ ಚೀಟಿಯನ್ನು ನಿಲ್ಲಿಸದೆ, ಅದರ ಜೊತೆಗೇ ತಂತ್ರಾಂಶವನ್ನು ನಡೆಸಿ, ಎರಡರ ಫಲವನ್ನು ಲಾಟಿನಿಂದ ಲಾಟಿಗೆ ಹೋಲಿಸಿ. ವ್ಯತ್ಯಾಸ ಬಂದ ಕಡೆಯಲ್ಲೆಲ್ಲ ಚೀಟಿಯೇ ಅಂತಿಮ ಎಂದು ಮೊದಲೇ ಸಾರಿ.

ಇನ್ನೊಂದು ಪುಟ್ಟ ಭಾಗವನ್ನು ಈ ಹಂತದಲ್ಲಿಯೇ ಸೇರಿಸಿ: ಬೆಳೆಗಾರರು ಕೇಳಿದೊಡನೆ ಅವರ ಲಾಟಿನ ಕಿರ್ದಿಯನ್ನು ಕನ್ನಡದಲ್ಲಿ ಒಂದು ಹಾಳೆಗೆ ಮುದ್ರಿಸಿ ಕೊಡುವ ಗುಂಡಿ. ಮೇಲ್ಗಡೆ ಲಾಟಿನ ಸಂಖ್ಯೆ, ಬಗೆ, ತೂಕ. ಕೆಳಗೆ ಕ್ರಮಸಂಖ್ಯೆ, ಗಂಟೆ-ನಿಮಿಷ-ಸೆಕೆಂಡು, ವ್ಯಾಪಾರಿಯ ಸಂಕೇತ, ದರ, ಸ್ವೀಕಾರವೋ ನಿರಾಕರಣೆಯೋ, ನಿರಾಕರಣೆಯಾದರೆ ಕಾರಣ. ಕೊನೆಯ ಸಾಲಿನಲ್ಲಿ ಒಪ್ಪಿದ ದರ ಮತ್ತು ಒಪ್ಪಿಗೆ ಕೊಟ್ಟ ಹೊತ್ತು. ಅಕ್ಷರ ದೊಡ್ಡದಿರಲಿ, ಕನ್ನಡಕ ಮನೆಯಲ್ಲಿ ಮರೆತು ಬಂದವರಿಗೂ ಓದಲು ಬರುವಷ್ಟು.